ಡಾಲ್ಫಿನ್ನೂ ಕಡಲಸೌತೆಯೂ

(ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ವೇದಿಕೆಯನ್ನು ಏರಿದವರು 1956ರ ಏಕೀಕರಣವನ್ನೋ, ನಮ್ಮ ಕವಿಗಳ ಹಿರಿಮೆಯನ್ನೋ, ನುಡಿಯ ಪ್ರಾಚೀನತೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ಮಾತುಗಳನ್ನು ನಮಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ಆದುದರಿಂದ ಈ ಸಲ ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಕಡಲಿನ ಎರಡು ಪ್ರಾಣಿಗಳನ್ನು ತಮ್ಮ ಮುಂದೆ ತಂದು ನಿಲ್ಲಿಸಿ, ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡೋಣವೆಂಬುದು ನಮ್ಮ ಆಸೆ. ಒಂದು ಡಾಲ್ಫಿನ್. ಇನ್ನೊಂದು ಕಡಲಸೌತೆ. ರಾಜ್ಯೋತ್ಸವಕ್ಕೂ ಕಡಲಸೌತೆಗೂ ಎತ್ತಣ ಸಂಬಂಧವೆಂದು ಯಾರಾದರೂ ನಗುವುದಾದರೆ ನಗಲಿ. ಭಾಷಣದ ಕೊನೆಯಲ್ಲಿ ಆ ಸಂಬಂಧವನ್ನು ತೋರಿಸಿಕೊಡುವ ಹೊಣೆ ನಮ್ಮದು.

ನಾವು ತುರ್ಭೆಯವರು. ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಕಲ್ಲುಗಣಿಯ ಕೆಲಸಕ್ಕೆ, ಗಾರೆಯ ಕೆಲಸಕ್ಕೆ, ಮಾರುಕಟ್ಟೆಯ ಹಮಾಲಿಗೆ ಬಂದವರು ಕೆಲವರು. ಉಡುಪಿ, ಮಂಗಳೂರುಗಳ ಕಡೆಯಿಂದ ಹೋಟೆಲಿಗೆ, ಕಚೇರಿಗೆ, ಕಾರ್ಖಾನೆಗೆ ಬಂದವರು ಕೆಲವರು. ಬಯಲುಸೀಮೆಯವರು ಊರಿನಲ್ಲಿ ಕಡಲನ್ನು ಕಂಡವರಲ್ಲ. ಕರಾವಳಿಯವರು ಕಂಡಿದ್ದರೂ ಇಲ್ಲಿಗೆ ಬಂದ ಮೇಲೆ ಅದನ್ನು ಮರೆತಿದ್ದಾರೆ. ಆದರೆ ಕಡಲು ನಮ್ಮನ್ನು ಬಿಟ್ಟಿಲ್ಲ. ವಾಶಿಯ ಸೇತುವೆಯ ಮೇಲೆ ರೈಲು ಹೋಗುವಾಗ ಕೆಳಗೆ ಕಾಣುವ ಠಾಣೆ ಖಾರಿ ಸಮುದ್ರದ್ದೇ ಒಂದು ತೋಳು. ಅದರ ಕೆಸರಿನಲ್ಲಿ ಮೇಯಲು ಬರುವ ರಾಜಹಂಸಗಳಿಗಾಗಿ 2015ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಹೀಗೆ ಜಗತ್ತೇ ಗುರುತಿಸಿದ ನೀರಿನ ದಡದಲ್ಲಿ ಕುಳಿತು ನಾವು ಕಡಲಿನ ಮಾತು ಆಡದಿದ್ದರೆ ಹೇಗೆ?

ಮೊದಲು ಡಾಲ್ಫಿನ್ನನ್ನು ನೋಡೋಣ. ಡಾಲ್ಫಿನ್ನುಗಳಲ್ಲಿ ಅನೇಕ ಜಾತಿಗಳುಂಟು. ನಾವು ಹೇಳಹೊರಟಿರುವುದು ನಮ್ಮ ಪಶ್ಚಿಮ ಕರಾವಳಿಯ ಗೂನುಬೆನ್ನಿನ ಡಾಲ್ಫಿನ್. ಕಾರವಾರದ ದೇವಬಾಗದಲ್ಲಿ, ಗೋವೆಯಲ್ಲಿ, ಸಿಂಧುದುರ್ಗದ ಕಡೆ ದೋಣಿಯವರು ಪ್ರವಾಸಿಗಳನ್ನು ಕರೆದೊಯ್ದು ತೋರಿಸುವುದು ಸಾಮಾನ್ಯವಾಗಿ ಇದನ್ನೇ. ಮುಂಬಯಿಯ ಕಡಲಂಚಿನಲ್ಲಿಯೂ ಇದು ಕಾಣಿಸಿಕೊಳ್ಳುವುದುಂಟು. ಶಾಸ್ತ್ರಜ್ಞರು ಇದನ್ನು ಸೂಸಾ ಪ್ಲಂಬಿಯ ಎನ್ನುತ್ತಾರೆ. ಪ್ಲಂಬಿಯ ಎಂದರೆ ಸೀಸದ ಬಣ್ಣದ್ದು. 1829ರಲ್ಲಿ ಈ ಹೆಸರನ್ನು ಇಟ್ಟವನು ಫ್ರಾನ್ಸಿನ ಮಹಾಪಂಡಿತ ಕುವಿಯೇ. ಆತನಿಗೆ ದೊರೆತ ಮಾದರಿ ಬಂದದ್ದು ಮಲಬಾರ್ ಕರಾವಳಿಯಿಂದ. ಎಂದರೆ, ಆಫ್ರಿಕದ ದಕ್ಷಿಣ ತುದಿಯಿಂದ ಭಾರತದ ದಕ್ಷಿಣ ತುದಿಯವರೆಗೆ ಹಬ್ಬಿರುವ ಈ ಪ್ರಾಣಿಯನ್ನು ಲೋಕಕ್ಕೆ ಪರಿಚಯಿಸಿದ್ದು ನಮ್ಮದೇ ಕಡಲು.

ಇದರ ಉದ್ದ ಸುಮಾರು ಎರಡೂವರೆ ಮೀಟರ್. ತೂಕ ಇನ್ನೂರು ಕಿಲೋಗ್ರಾಂಗೂ ಮೇಲೆ. ಬೆನ್ನಿನ ಈಜುರೆಕ್ಕೆಯ ಬುಡದಲ್ಲಿ ಎತ್ತಿನ ಹಿಣಿಲಿನಂತೆ ಉಬ್ಬು ಇರುವುದರಿಂದ ಇದಕ್ಕೆ ಗೂನುಬೆನ್ನಿನದು ಎಂಬ ಹೆಸರು. ಇದು ನಡುಗಡಲಿನ ಪ್ರಾಣಿಯಲ್ಲ, ದಡವನ್ನು ಬಿಟ್ಟಿರಲಾರದ್ದು. ಸುಮಾರು ಇಪ್ಪತ್ತೈದು ಮೀಟರಿಗಿಂತ ಆಳವಿಲ್ಲದ ನೀರು, ನದೀಮುಖಗಳು, ಕೊಲ್ಲಿಗಳು ಇದರ ಮನೆ. ಇಷ್ಟನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಇದೇ ಮಾತು ಬರಲಿದೆ.

ನೀರಿನಲ್ಲಿದ್ದರೂ ಡಾಲ್ಫಿನ್ ಮೀನಲ್ಲ, ನಮ್ಮ ನಿಮ್ಮಂತೆ ಸಸ್ತನಿ. ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿ ಹಾಕಿ ಹಾಲೂಡಿಸುತ್ತದೆ. ಅದರ ಮೂಗು ನೆತ್ತಿಯ ಮೇಲಿದೆ. ನೀರಿನಿಂದ ಮೇಲೆದ್ದು ಉಸಿರು ಎಳೆದುಕೊಳ್ಳದಿದ್ದರೆ ಸಾಯುತ್ತದೆ. ಇದರ ಪೂರ್ವಜರು ನೆಲದ ಮೇಲೆ ನಡೆದಾಡಿದವರು. ಈ ಕಥೆಯ ಒಂದು ಮುಖ್ಯ ಪುಟ ನಮ್ಮ ದೇಶದ್ದೇ. ಜಮ್ಮು-ಕಾಶ್ಮೀರದ ಕಾಲಾಕೋಟ್ ಪ್ರದೇಶದ ಕಲ್ಲುಗಳಲ್ಲಿ ಎ. ರಂಗರಾವ್ ಎಂಬ ಭೂವಿಜ್ಞಾನಿ ಹುಡುಕಿ ತೆಗೆದ ಪಳೆಯುಳಿಕೆಗಳಲ್ಲಿ ಇಂಡೊಹಯಸ್ ಎಂಬ ಸಣ್ಣ ಗೊರಸಿನ ಪ್ರಾಣಿಯದೂ ಇದ್ದಿತು. 2007ರಲ್ಲಿ ಅದರ ಕಿವಿಯ ಎಲುಬನ್ನು ಪರಿಶೀಲಿಸಿದ ವಿದ್ವಾಂಸರು ಅದು ತಿಮಿಂಗಿಲಗಳ ಹತ್ತಿರದ ನಂಟನೆಂದು ತೋರಿಸಿಕೊಟ್ಟರು. ಇಂದು ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲ, ಡಾಲ್ಫಿನ್ನುಗಳಿಗೆ ತೀರ ಹತ್ತಿರದ ನೆಂಟ ನೀರಾನೆ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ನೆಲವನ್ನು ಬಿಟ್ಟು ನೀರಿಗೆ ವಲಸೆ ಹೋದ ವಂಶವಿದು. ವಲಸೆ ಹೋದವರು ಹೊಸ ಊರಿಗೆ ಹೊಂದಿಕೊಂಡರೂ ಹಳೆಯ ಉಸಿರಾಟವನ್ನು ಬಿಡಲಿಲ್ಲ. ಈ ಮಾತಿನ ಅರ್ಥವನ್ನು ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಡಾಲ್ಫಿನ್ ತನ್ನ ಕೆಸರುನೀರಿನ ಲೋಕವನ್ನು ಕಿವಿಯಿಂದ ಕಾಣುತ್ತದೆ. ಟಿಕ್ ಟಿಕ್ ಎಂಬ ಸಣ್ಣ ಸದ್ದುಗಳನ್ನು ಮುಂದಕ್ಕೆ ಕಳುಹಿಸಿ, ಅವು ಮೀನಿಗೋ ಬಂಡೆಗೋ ತಾಗಿ ಹಿಂದಿರುಗುವ ಪ್ರತಿಧ್ವನಿಯನ್ನು ಕೆಳದವಡೆಯ ಮೂಲಕ ಒಳಗಿವಿಗೆ ತಲುಪಿಸಿಕೊಂಡು, ಯಾವುದು ಎಷ್ಟು ದೂರದಲ್ಲಿದೆಯೆಂದು ಅರಿಯುತ್ತದೆ. ಗುಂಪಿನಲ್ಲಿ ಬಾಳುತ್ತದೆ, ಸಿಳ್ಳು ಹಾಕಿ ಒಂದನ್ನೊಂದು ಕರೆಯುತ್ತದೆ. ಚುರುಕು, ಆಟ, ಮರಿಯ ಮೇಲಿನ ಮಮತೆ ಇವೆಲ್ಲ ಇರುವುದರಿಂದ ಮನುಷ್ಯನಿಗೆ ಇದನ್ನು ಕಂಡರೆ ಪ್ರೀತಿ. ಅದು ಮೇಲಕ್ಕೆ ನೆಗೆದರೆ ಸಾಕು, ದೋಣಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಾರೆ.

ಇನ್ನು ಕಡಲಸೌತೆಗೆ ಬರೋಣ. ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಕಡಲಸೌತೆಗಳಲ್ಲಿ ಸಾವಿರಕ್ಕೂ ಮೀರಿ ಜಾತಿಗಳಿವೆ. ಅವುಗಳಲ್ಲಿ ಹೋಲೊತೂರಿಯ ಸ್ಕ್ಯಾಬ್ರ ಎಂಬ ಮರಳುಸೌತೆಯನ್ನು ನಾವು ಆರಿಸಿಕೊಂಡಿದ್ದೇವೆ. ಇದು ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಅಂಡಮಾನ್ ಮುಂತಾದೆಡೆಗಳಲ್ಲಿ ದಡಕ್ಕೆ ಹತ್ತಿರದ ಮರಳಿನಲ್ಲಿ, ಕೆಸರಿನಲ್ಲಿ, ಕಡಲಹುಲ್ಲಿನ ಬಯಲುಗಳಲ್ಲಿ ವಾಸಿಸುತ್ತದೆ. ಗೇಣುದ್ದದಿಂದ ಮೊಳದುದ್ದದ ಒಳಗೆ ಇದರ ಗಾತ್ರ. ಬೆನ್ನು ಬೂದಿ ಬಣ್ಣ, ಹೊಟ್ಟೆ ಬಿಳುಪು, ಮೈಯೆಲ್ಲ ಸುಕ್ಕು. ಹೆಸರಿಗೆ ಸೌತೆಯಾದರೂ ತರಕಾರಿಯಲ್ಲ, ಪ್ರಾಣಿ. ತಮಿಳರು ಇದನ್ನು ಕಡಲ್ ಅಟ್ಟೈ, ಎಂದರೆ ಕಡಲ ಜಿಗಣೆ, ಎಂದು ಕರೆಯುತ್ತಾರೆ. ಆದರೆ ಪಾಪ, ಇದು ಯಾರ ರಕ್ತವನ್ನೂ ಹೀರುವುದಿಲ್ಲ.

ಇದಕ್ಕೆ ತಲೆಯಿಲ್ಲ, ಕಣ್ಣಿಲ್ಲ, ಎಲುಬಿಲ್ಲ, ಮಿದುಳೂ ಇಲ್ಲ. ಬಾಯಿಯ ಸುತ್ತ ಬಳೆಯಂತೆ ಒಂದು ನರವಿದೆ, ಅಷ್ಟೇ. ಬಾಯಿಯ ಸುತ್ತಲಿನ ಕುಚ್ಚಿನಂಥ ಬೆರಳುಗಳಿಂದ ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿರುವ ಕೊಳೆತ ಕಸವನ್ನೂ ಸೂಕ್ಷ್ಮಜೀವಿಗಳನ್ನೂ ಅರಗಿಸಿಕೊಂಡು, ಶುದ್ಧವಾದ ಮರಳನ್ನು ಹಿಂದಿನಿಂದ ಬಿಡುತ್ತದೆ. ಅದೇ ಹಿಂದಿನ ದ್ವಾರದಿಂದಲೇ ನೀರನ್ನು ಒಳಗೆಳೆದುಕೊಂಡು, ಒಳಗೆ ಮರದ ಕೊಂಬೆಗಳಂತೆ ಕವಲೊಡೆದ ಅಂಗದಿಂದ ಉಸಿರಾಡುತ್ತದೆ. ಮಕ್ಕಳು ನಗುತ್ತಿದ್ದಾರೆ, ಆದರೆ ಇದು ಯಥಾರ್ಥ. ಡಾಲ್ಫಿನ್ನಿನ ಉಸಿರು ನೆತ್ತಿಯಲ್ಲಿ, ಇದರ ಉಸಿರು ತದ್ವಿರುದ್ಧ ತುದಿಯಲ್ಲಿ! ಕೆಲವು ಜಾತಿಯ ಕಡಲಸೌತೆಗಳ ಹೊಟ್ಟೆಯೊಳಗೆ ಸಣ್ಣ ಮೀನೊಂದು ಆ ಬಾಗಿಲಿನಿಂದಲೇ ನುಗ್ಗಿ ಸಂಸಾರ ಹೂಡುವುದೂ ಉಂಟು. ಠೇವಣಿಯಿಲ್ಲ, ಬಾಡಿಗೆಯಿಲ್ಲ. ನವಿ ಮುಂಬಯಿಯಲ್ಲಿ ಮನೆ ಹುಡುಕಿದವರಿಗೆ ಆ ಮೀನಿನ ಪುಣ್ಯದ ಬೆಲೆ ಗೊತ್ತು.

ಶತ್ರು ಮೇಲೆ ಬಿದ್ದಾಗ ಕಡಲಸೌತೆಗಳ ಉಪಾಯ ವಿಚಿತ್ರ. ಅನೇಕ ಜಾತಿಗಳು ತಮ್ಮ ಕರುಳನ್ನೇ ಹೊರಕ್ಕೆ ಕಕ್ಕಿ ಶತ್ರುವಿನ ಮುಂದೆ ಚೆಲ್ಲಿ ಪಾರಾಗುತ್ತವೆ. ಕೆಲವು ವಾರಗಳಲ್ಲಿ ಹೊಸ ಕರುಳು ಬೆಳೆಯುತ್ತದೆ. ಇನ್ನು ಕೆಲವು ಅಂಟಂಟಾದ ಬಿಳಿಯ ದಾರಗಳನ್ನು ಎಸೆದು ಶತ್ರುವನ್ನು ಸಿಕ್ಕಿಸುತ್ತವೆ. ಆ ದಾರಗಳನ್ನು ಶಾಸ್ತ್ರಜ್ಞರು ಕುವಿಯೇರಿಯನ್ ನಳಿಕೆಗಳೆಂದು ಕರೆಯುತ್ತಾರೆ. ನಮ್ಮ ಡಾಲ್ಫಿನ್ನಿಗೆ ಹೆಸರಿಟ್ಟ ಅದೇ ಕುವಿಯೇಯ ಹೆಸರು! ಎರಡೂ ಪ್ರಾಣಿಗಳ ಪುಸ್ತಕದಲ್ಲಿ ಒಬ್ಬನೇ ಪಂಡಿತನ ರುಜು ಇರುವುದು ಸ್ವಾರಸ್ಯವಲ್ಲವೇ?

ಇಷ್ಟು ಕೇಳಿದ ಮೇಲೆ ಇವೆರಡಕ್ಕೂ ಯಾವ ಹೋಲಿಕೆಯೂ ಇಲ್ಲವೆಂದು ತಮಗೆ ತೋರಬಹುದು. ಇಲ್ಲಿಯೇ ಪ್ರಕೃತಿಯ ಒಂದು ಗುಟ್ಟಿದೆ. ಡಾಲ್ಫಿನ್ನಿಗೆ ಸಿಗಡಿ, ಏಡಿ, ಬೊಂಡಾಸಗಳಿಗಿಂತ ಕಡಲಸೌತೆಯೇ ಹತ್ತಿರದ ನೆಂಟ. ಮನುಷ್ಯನಿಗೂ ಹಾಗೆಯೇ. ಕಡಲಸೌತೆ ನಕ್ಷತ್ರಮೀನಿನ ಕುಲದ್ದು, ಕಂಟಕಚರ್ಮಿಗಳೆಂಬ ವರ್ಗಕ್ಕೆ ಸೇರಿದ್ದು. ಮೊಟ್ಟೆಯೊಳಗೆ ಪಿಂಡ ರೂಪುಗೊಳ್ಳುವಾಗ ಮೊದಲು ಒಂದು ರಂಧ್ರ ಮೂಡುತ್ತದೆ. ಕಂಟಕಚರ್ಮಿಗಳಲ್ಲಿಯೂ ಬೆನ್ನೆಲುಬಿನ ಪ್ರಾಣಿಗಳಲ್ಲಿಯೂ ಆ ಮೊದಲ ರಂಧ್ರದ ಕಡೆ ಹಿಂದಿನ ದ್ವಾರವಾಗಿ, ಬಾಯಿ ಆಮೇಲೆ ಬೇರೆ ಕಡೆ ತೆರೆಯುತ್ತದೆ. ಈ ಗುರುತಿನಿಂದ ಹಿಂದಿನವರು ಊಹಿಸಿದ್ದ ನಂಟನ್ನು ಇತ್ತೀಚಿನ ವಂಶವಾಹಿಗಳ ಅಧ್ಯಯನವೂ ಒಪ್ಪಿದೆ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಒಂದೇ ಮನೆಯಲ್ಲಿದ್ದ ದಾಯಾದಿಗಳು ಇವರು. ಒಬ್ಬನು ಮಿದುಳನ್ನು ಬೆಳೆಸಿದ, ಇನ್ನೊಬ್ಬನು ಅದರ ಗೊಡವೆಯೇ ಬೇಡವೆಂದು ಮರಳಿನಲ್ಲಿ ಕುಳಿತ. ಇಬ್ಬರ ಬದುಕೂ ಸಾಗಿ ಬಂದಿದೆ.

ಕೆಲಸದ ಮಾತಿಗೆ ಬಂದರೆ ಕಡಲಸೌತೆಯದೇ ಮೇಲುಗೈ. ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನು ಕಡಲ ತಳದಲ್ಲಿ ಇದು ಮಾಡುತ್ತದೆ. ಮರಳನ್ನು ತಿರುವಿಹಾಕಿ ಗಾಳಿಯಾಡಿಸುತ್ತದೆ. ಕಸವನ್ನು ಅರಗಿಸಿ, ಗಿಡಗಳಿಗೆ ಬೇಕಾದ ಸಾರವನ್ನು ನೀರಿಗೆ ಬಿಡುತ್ತದೆ. ಅದರಿಂದ ಕಡಲಹುಲ್ಲಿಗೆ ಪುಷ್ಟಿ. ಕಡಲಹುಲ್ಲಿನ ಮರೆಯಲ್ಲಿ ಮೀನುಮರಿಗಳು ಬೆಳೆಯುತ್ತವೆ, ಕಡಲಹಸು ಮೇಯುತ್ತದೆ. ಆ ಮೀನು ಮುಂದೆ ಮೀನುಗಾರನ ಬಲೆಗೂ ಬರುತ್ತದೆ, ಡಾಲ್ಫಿನ್ನಿನ ಬಾಯಿಗೂ ಬರುತ್ತದೆ. ಮೇಲೆ ನೆಗೆಯುವವನ ಊಟದಲ್ಲಿ ಕೆಳಗೆ ಗುಡಿಸುವವನ ಪಾಲು ಇದ್ದೇ ಇದೆ.

ಈಗ ಚಿಂತೆಯ ಮಾತು. ಭೂಮಿಯ ಜೀವಿಗಳ ಸ್ಥಿತಿಗತಿಯನ್ನು ಲೆಕ್ಕವಿಡುವ ಅಂತಾರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಗೂನುಬೆನ್ನಿನ ಡಾಲ್ಫಿನ್ನೂ ಮರಳುಸೌತೆಯೂ ಒಂದೇ ಕಂಬದಲ್ಲಿ ಬರೆಯಲ್ಪಟ್ಟಿವೆ: ಅಳಿವಿನ ಅಂಚಿನಲ್ಲಿರುವವು. ದಾರಿ ಬೇರೆ ಬೇರೆ, ಸೇರಿದ ಊರು ಒಂದೇ.

ಡಾಲ್ಫಿನ್ನಿನ ಕಷ್ಟ ಸಂತಾನ ಕಡಿಮೆಯಾದುದರಿಂದ. ಹೆಣ್ಣು ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು ಹತ್ತು ವರ್ಷ ಬೇಕು. ಸುಮಾರು ಒಂದು ವರ್ಷ ಬಸಿರು. ಒಂದು ಸಲಕ್ಕೆ ಒಂದೇ ಮರಿ. ಮತ್ತೊಂದು ಮರಿಗೆ ಮೂರು ವರ್ಷವಾದರೂ ಆಗುತ್ತದೆ. ಹೀಗಿರುವಾಗ ಮೀನಿಗೆಂದು ಬೀಸಿದ ಬೀಡುಬಲೆಯಲ್ಲಿ ಸಿಕ್ಕಿಕೊಂಡು, ಮೇಲೆ ಬಂದು ಉಸಿರಾಡಲಾರದೆ ಕೆಲವು ತಾಯಿಗಳು ಸತ್ತರೂ ಗುಂಪು ಚೇತರಿಸಿಕೊಳ್ಳಲಾರದು. ದಡವನ್ನು ಬಿಟ್ಟಿರಲಾರದ ಪ್ರಾಣಿಯೆಂದು ಮೊದಲೇ ಹೇಳಿದೆವಲ್ಲ? ಬಂದರು, ಕಾರ್ಖಾನೆಯ ನೀರು, ಚರಂಡಿ, ಹಡಗಿನ ಗದ್ದಲ ಇವೆಲ್ಲ ಇರುವುದೂ ದಡದಲ್ಲಿಯೇ. ಕಿವಿಯಿಂದ ಕಾಣುವ ಪ್ರಾಣಿಗೆ ಗದ್ದಲವೆಂದರೆ ಕಣ್ಣಿಗೆ ಹೊಗೆ ಇಟ್ಟಂತೆ.

ಕಡಲಸೌತೆಯ ಹೆಣ್ಣಾದರೋ ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ. ಹಾಗಿದ್ದೂ ಏಕೆ ಅಳಿಯುತ್ತಿದೆ? ಗಂಡೂ ಹೆಣ್ಣೂ ತಮ್ಮ ತಮ್ಮ ಬೀಜವನ್ನು ನೀರಿಗೆ ಬಿಡುತ್ತವೆ. ಅವು ನೀರಿನಲ್ಲಿಯೇ ಕೂಡಬೇಕು. ಒಂದರ ಹತ್ತಿರ ಇನ್ನೊಂದು ಇದ್ದರೆ ಮಾತ್ರ ಅದು ಸಾಧ್ಯ. ಹಿಡಿದು ಹಿಡಿದು ವಿರಳವಾದ ಮೇಲೆ, ಅಲ್ಲೊಂದು ಇಲ್ಲೊಂದು ಉಳಿದವು ಲಕ್ಷ ಮೊಟ್ಟೆ ಬಿಟ್ಟರೂ ಪ್ರಯೋಜನವಿಲ್ಲ. ಓಡಲಾರದ, ಕಚ್ಚಲಾರದ ಈ ಪ್ರಾಣಿಯನ್ನು ಕೈಯಿಂದಲೇ ಹೆಕ್ಕಬಹುದು. ಒಂಟಿ ಮನೆಗಳಾಗಿ ಚದುರಿಹೋದ ಮೇಲೆ ಸಂತತಿ ಕ್ಷೀಣಿಸುವುದು ಹೀಗೆ.

ಇದನ್ನು ಹೆಕ್ಕುವವರು ಯಾರು? ಚೀನದವರಿಗೆ ಒಣಗಿಸಿದ ಕಡಲಸೌತೆ ಮದುವೆ ಮುಂಜಿಗಳ ಔತಣದ ಭಕ್ಷ್ಯ, ಔಷಧ. ಕರುಳು ತೆಗೆದು, ಬೇಯಿಸಿ, ಮರಳಿನಲ್ಲಿ ಹೂತು, ಚರ್ಮದ ಸುಣ್ಣವನ್ನು ಉಜ್ಜಿ, ಒಣಗಿಸಿ ಕಳುಹಿಸುವ ಈ ವ್ಯಾಪಾರ ತಮಿಳುನಾಡಿನ ಕರಾವಳಿಯಲ್ಲಿ ಬಹಳ ಹಳೆಯದು. ರಾಮನಾಥಪುರದ ಕಡೆಯ ಬಡ ಮೀನುಗಾರರು ಉಸಿರು ಕಟ್ಟಿ ಮುಳುಗಿ ಇದನ್ನು ತರುತ್ತಿದ್ದರು. 1982ರಲ್ಲಿ ಸರಕಾರ ಮೂರು ಅಂಗುಲಕ್ಕಿಂತ ಚಿಕ್ಕದಾದ ಒಣ ಸೌತೆಯ ರಫ್ತನ್ನು ನಿಷೇಧಿಸಿತು. 1986ರಲ್ಲಿ ಮನ್ನಾರ್ ಕೊಲ್ಲಿಯ 21 ದ್ವೀಪಗಳ ಸುತ್ತಣ ಕಡಲು ರಾಷ್ಟ್ರೀಯ ಉದ್ಯಾನವಾಯಿತು. 2001ರಲ್ಲಿ ಕಡಲಸೌತೆಗಳೆಲ್ಲವನ್ನೂ ವನ್ಯಜೀವಿ ರಕ್ಷಣೆಯ ಕಾಯಿದೆಗೆ ಸೇರಿಸಿ, ಹಿಡಿಯುವುದನ್ನೇ ಅಪರಾಧವೆಂದು ಸಾರಲಾಯಿತು. ಡಾಲ್ಫಿನ್ನಿಗೂ ಅದೇ ಕಾಯಿದೆಯ ರಕ್ಷಣೆಯುಂಟು. ಮನೋರಂಜನೆಗಾಗಿ ಡಾಲ್ಫಿನ್ನುಗಳನ್ನು ಕೊಳದಲ್ಲಿ ಕೂಡಿಹಾಕುವುದಕ್ಕೂ ಕೇಂದ್ರ ಸರಕಾರ 2013ರಲ್ಲಿ ತಡೆ ಹಾಕಿತು.

ಕಾಯಿದೆಯೇನೋ ಆಯಿತು. ಆದರೆ ಡಾಲ್ಫಿನ್ನಿನ ಕಾಯಿದೆಯನ್ನು ಎಲ್ಲರೂ ಹೊಗಳಿದರು. ಕಡಲಸೌತೆಯ ಕಾಯಿದೆಯಿಂದ ಒಲೆ ಆರಿದ ಮನೆಗಳನ್ನು ಕುರಿತು ಮಾತನಾಡಿದವರು ಕಡಿಮೆ. ನಿಷೇಧವಾದ ಮೇಲೆ ಕೆಲವರು ಬೇರೆ ಮೀನಿಗೆ ತಿರುಗಿದರು. ಕೆಲವರು ಕಳ್ಳದಾರಿಯ ದಲ್ಲಾಳಿಗಳ ಕೈಗೆ ಬಿದ್ದರು. ಪರವಾನಗಿಯ ಮೇಲೆ ಹಿಡಿಯಲು ಅವಕಾಶವಿರುವ ಶ್ರೀಲಂಕೆಯ ಕಡೆಗೆ ಮಾಲು ಸಾಗಿಸುವಾಗ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಸಿಕ್ಕುವವನು ಬಹುಮಟ್ಟಿಗೆ ಹೊತ್ತವನೇ ಹೊರತು ಹೊರಿಸಿದವನಲ್ಲ. ಮಿತಿಯಿಟ್ಟು ಹಿಡಿಯಲು ಬಿಡಿ ಎಂದು ಮೀನುಗಾರರು ಕೇಳುತ್ತಾರೆ. ಸಡಿಲಬಿಟ್ಟರೆ ಉಳಿದದ್ದೂ ಹೋಗುತ್ತದೆಂದು ರಕ್ಷಕರು ಹೇಳುತ್ತಾರೆ. ಇತ್ತ ಕೊಂಕಣದ ಮೀನುಗಾರರದು ಬೇರೆ ದೂರು: ಡಾಲ್ಫಿನ್ ನಮ್ಮ ಬಲೆಯನ್ನು ಹರಿಯುತ್ತದೆ, ಮೀನನ್ನು ಕದಿಯುತ್ತದೆ, ಆ ನಷ್ಟ ಕಟ್ಟಿಕೊಡುವವರು ಯಾರು?

ಎರಡು ಮಾತಿನಲ್ಲಿಯೂ ನ್ಯಾಯವುಂಟು. ಪ್ರಾಣಿಯನ್ನು ಉಳಿಸಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ. ಅಳಿದುಹೋದದ್ದನ್ನು ಯಾವ ಸರಕಾರವೂ ಮರಳಿ ತರಲಾರದು. ಆದರೆ ಉಳಿಸುವ ವೆಚ್ಚವನ್ನೆಲ್ಲ ಅತ್ಯಂತ ಬಡವನ ತಲೆಯ ಮೇಲೆ ಹೊರಿಸುವುದು ಧರ್ಮವಲ್ಲ. ಇದಕ್ಕೆ ದಾರಿಯಿಲ್ಲದೆ ಇಲ್ಲ. 1988ರಲ್ಲಿಯೇ ತೂತ್ತುಕುಡಿಯಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆಯವರು ಮರಳುಸೌತೆಯ ಮರಿಗಳನ್ನು ತೊಟ್ಟಿಯಲ್ಲಿ ಹುಟ್ಟಿಸಿ ತೋರಿಸಿದರು. ಆ ವಿದ್ಯೆಯನ್ನು ಬೆಳೆಸಿ, ಮರಿಗಳನ್ನು ಕಡಲಿಗೆ ಬಿಡುವ, ಕಾಯುವ ಕೆಲಸವನ್ನು ಅದೇ ಮೀನುಗಾರರಿಗೆ ಕೂಲಿ ಕೊಟ್ಟು ಒಪ್ಪಿಸಿದರೆ ಕಳ್ಳನೆನಿಸಿಕೊಂಡವನೇ ಕಾವಲುಗಾರನಾಗುತ್ತಾನೆ. 2020ರಲ್ಲಿ ಲಕ್ಷದ್ವೀಪದ ಚೆರಿಯಪಾಣಿಯಲ್ಲಿ ಕಡಲಸೌತೆಗಳಿಗೆಂದೇ ಒಂದು ರಕ್ಷಿತ ಕಡಲನ್ನು ಮೀಸಲಿಟ್ಟರು. ಲೋಕದಲ್ಲಿಯೇ ಮೊದಲನೆಯದೆಂದು ಅದಕ್ಕೆ ಹೆಸರು ಬಂದಿತು. 2022ರಲ್ಲಿ ಪಾಕ್ ಕೊಲ್ಲಿಯಲ್ಲಿ ಕಡಲಹಸುವಿಗಾಗಿ 448 ಚದರ ಕಿಲೋಮೀಟರಿನ ರಕ್ಷಿತ ಪ್ರದೇಶವಾಯಿತು. ಕಡಲಹುಲ್ಲು ಉಳಿದರೆ ಅದರಲ್ಲಿರುವ ಸೌತೆಗೂ ನೆಲೆ ಉಂಟು. ಆರಂಭ ಒಳ್ಳೆಯದು. ದಡದಲ್ಲಿರುವ ಮನುಷ್ಯನ ಲೆಕ್ಕವನ್ನೂ ಅದಕ್ಕೆ ಸೇರಿಸಿಕೊಂಡರೆ ಪೂರ್ಣವಾಗುತ್ತದೆ.

ಈಗ, ರಾಜ್ಯೋತ್ಸವಕ್ಕೂ ಇದಕ್ಕೂ ಏನು ಸಂಬಂಧವೆಂಬ ಪ್ರಶ್ನೆಗೆ ಬರುತ್ತೇವೆ.

ಮೊದಲನೆಯದು ನುಡಿಯ ಸಂಬಂಧ. ನಮ್ಮ ಮಕ್ಕಳು ಇಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಶಾಲೆಗಳಲ್ಲಿ ಓದುತ್ತಾರೆ. ಮನೆಯ ಕನ್ನಡ ಊಟ, ನಿದ್ದೆ, ಬೈಗುಳ, ಹಬ್ಬಗಳಿಗೆ ಸಾಕು. ಲೋಕಜ್ಞಾನಕ್ಕೆ ಬೇರೆ ಭಾಷೆ ಬೇಕೆಂದು ಅವರು ತಿಳಿದುಕೊಳ್ಳುತ್ತಿದ್ದಾರೆ. ಆ ತಿಳಿವಳಿಕೆ ಗಟ್ಟಿಯಾದ ದಿನ ಕನ್ನಡ ನಮ್ಮ ಮನೆಗಳಲ್ಲಿ ಅಡುಗೆಮನೆಯಿಂದ ಆಚೆ ಬಾರದು. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ ಬಾಲಪ್ರಪಂಚವನ್ನೂ, ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚವನ್ನೂ ಬರೆದದ್ದು ಈ ಭಾಷೆ ಏನನ್ನಾದರೂ ಹೇಳಬಲ್ಲದೆಂದು ತೋರಿಸುವುದಕ್ಕಾಗಿ. ಇಷ್ಟು ಹೊತ್ತು ಡಾಲ್ಫಿನ್ನಿನ ದವಡೆಯನ್ನೂ ಕಡಲಸೌತೆಯ ಕರುಳನ್ನೂ ಕುರಿತು ನಾವು ಮಾತನಾಡಿದ್ದು ಕನ್ನಡದಲ್ಲಿ. ತಮಗೆ ಅರ್ಥವಾಗಿದೆಯೆಂದು ತಮ್ಮ ಮುಖಗಳೇ ಹೇಳುತ್ತಿವೆ.

ಎರಡನೆಯದು ನಮ್ಮ ಬದುಕಿನ ಸಂಬಂಧ. ಊರೆಂಬುದೂ ಒಂದು ಕಡಲು. ಅದರಲ್ಲಿ ನೆಗೆಯುವವರಿದ್ದಾರೆ, ತಳದಲ್ಲಿ ಕುಳಿತು ಶುಚಿ ಮಾಡುವವರೂ ಇದ್ದಾರೆ. ಈ ನಗರದ ಕಲ್ಲನ್ನು ಒಡೆದವರು, ಮಾರುಕಟ್ಟೆಯ ಮೂಟೆಯನ್ನು ಹೊತ್ತವರು, ಬೀದಿಯನ್ನು ಗುಡಿಸಿದವರು ನಮ್ಮವರಲ್ಲಿ ಎಷ್ಟು ಮಂದಿ! ಅವರಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಒಂದು ದಿನ ಕೆಲಸ ನಿಲ್ಲಿಸಿದರೆ ಮಾತ್ರ ಊರಿಗೆ ಅವರ ನೆನಪಾಗುತ್ತದೆ. ಸಂಘದ ಸಮಾರಂಭಗಳಲ್ಲಿ ನಾವು ಬಹುಮಾನ ಪಡೆದ ಮಕ್ಕಳಿಗೆ, ಹೆಸರು ಗಳಿಸಿದ ಹಿರಿಯರಿಗೆ ಶಾಲು ಹೊದಿಸುತ್ತೇವೆ. ಅದು ಆಗಲೇಬೇಕು. ಅದರ ಜೊತೆಗೆ, ವರ್ಷಕ್ಕೊಬ್ಬರಾದರೂ ಇಂಥ ದುಡಿಮೆಗಾರರನ್ನು ಈ ವೇದಿಕೆಗೆ ಕರೆಯುವುದನ್ನು ಕಾರ್ಯಕಾರಿ ಸಮಿತಿಯವರು ಯೋಚಿಸಬೇಕೆಂದು ಬಿನ್ನವಿಸುತ್ತೇವೆ. ಕಡಲಸೌತೆಗಳು ಚದುರಿಹೋದರೆ ಸಂತತಿ ನಿಲ್ಲುತ್ತದೆಂದು ಹೇಳಿದೆವು. ಪರವೂರಿನಲ್ಲಿರುವ ನುಡಿಯವರಿಗೂ ಅದೇ ನಿಯಮ. ಹತ್ತಿರ ಹತ್ತಿರ ಇದ್ದರೆ ಉಳಿದೇವು. ಹತ್ತಿರ ಇರುವುದೆಂದರೆ ಹೋಟೆಲಿನ ಯಜಮಾನರೂ ಕಲ್ಲುಗಣಿಯ ಕೂಲಿಯವರೂ ಒಂದೇ ಜಮಖಾನದ ಮೇಲೆ ಕುಳಿತುಕೊಳ್ಳುವುದು.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ಮುಂದಿನ ರಜೆಯಲ್ಲಿ ಊರಿಗೆ ಹೋಗುವಾಗ ಕಾರವಾರದಲ್ಲೋ ಮಲ್ಪೆಯಲ್ಲೋ ಡಾಲ್ಫಿನ್ ಕಂಡರೆ ಸಂತೋಷಪಡಿ. ದೋಣಿಯನ್ನು ಅದರ ಬೆನ್ನಟ್ಟಿಸಬೇಡಿರೆಂದು ದೋಣಿಯವರಿಗೆ ಹೇಳಿ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಣ ನೀರಿನಲ್ಲಿ ಸೌತೆಕಾಯಿಯಂತಹ ಪ್ರಾಣಿಯೊಂದು ಸುಮ್ಮನೆ ಬಿದ್ದಿರುವುದು ಕಂಡರೆ ಕೋಲಿನಿಂದ ತಿವಿಯಬೇಡಿ, ಕೈಗೆತ್ತಿಕೊಳ್ಳಬೇಡಿ. ಅದು ತನ್ನ ಕೆಲಸದಲ್ಲಿದೆ. ಮನೆಗೆ ಬಂದು ಅಜ್ಜಿಗೆ ಅದರ ಕಥೆಯನ್ನು ಕನ್ನಡದಲ್ಲಿ ಹೇಳಿ.